14 ಸಂಪುಟದ ‘ದಿ ವೀಲ್ ಆಫ್ ಟೈಮ್’: ಮುಂದುವರಿಸಬೇಕೆ, ಹೇಗೆ? ಓದಿ ಮುಗಿಸಿದವರ ಮಾತು (ಪ್ರತಿ ಮಾತಿನ ಮೊದಲಿರುವುದು ಬರೆದವರ ಅಡ್ಡಹೆಸರು)

ಹೊಸ ಓದುಗ ಕೇಳಿದ್ದು: ರಾಬರ್ಟ್ ಜೋರ್ಡನ್ ಅವರ ‘ದಿ ವೀಲ್ ಆಫ್ ಟೈಮ್’ ಫ್ಯಾಂಟಸಿ ಕಾದಂಬರಿ ಸರಣಿಯ ಮೊದಲ ಎರಡು ಸಂಪುಟ ಮುಗಿದಿವೆ. ಹಿಡಿಸಿದೆ. ಆದರೆ ಇನ್ನೂ ಹನ್ನೆರಡು ಬಾಕಿ ಅಂದಾಗ ಎದೆ ಝಲ್ಲೆನ್ನುತ್ತದೆ. 7ರಿಂದ 10ರವರೆಗೆ ಕಥೆ ನಿಂತೇ ಹೋಗುತ್ತದೆ, ಹಾರಿಸಿಬಿಡಿ ಅನ್ನುವವರಿದ್ದಾರೆ. ಒಂದು ಸಾಲೂ ಬಿಡಬೇಡಿ ಅನ್ನುವವರೂ ಇದ್ದಾರೆ. ಹೆಸರುಗಳಂತೂ ಈಗಲೇ ಕಲಸುಮೇಲೋಗರ. ಪೂರ್ತಿ ಓದಿದವರು ದಾರಿ ಹೇಳಿ. ದಯವಿಟ್ಟು ಗುಟ್ಟು ಬಿಟ್ಟುಕೊಡಬೇಡಿ.

ಮರುಓದು: ಮೊದಲು ಲೆಕ್ಕ ಹಾಕಿಕೊಳ್ಳಿ. 14 ಸಂಪುಟ ಸೇರಿ ಸುಮಾರು 44 ಲಕ್ಷ ಪದ. ನಿಮಿಷಕ್ಕೆ 200 ಪದದ ವೇಗದಲ್ಲಿ 366 ಗಂಟೆ ಬೇಕು. ದಿನಕ್ಕೊಂದು ಗಂಟೆ ಓದಿದರೆ ಸರಿಯಾಗಿ ಒಂದು ವರ್ಷ. ತಿಂಗಳಿಗೆ ಮೂರು ಮುಗಿಸುತ್ತೇನೆ ಎಂದು ಹೊರಟವರು ಐದು-ಆರರ ಹೊತ್ತಿಗೆ ಉಸ್ಸಪ್ಪಾ ಅಂತ ಕೂರುತ್ತಾರೆ, ಆಮೇಲೆ ತಪ್ಪನ್ನು ಪುಸ್ತಕದ ತಲೆಗೆ ಕಟ್ಟುತ್ತಾರೆ.

ಮುಂದುವರಿಸಬೇಕೋ ಬೇಡವೋ ಅನ್ನುವುದನ್ನು ಈಗ ತೀರ್ಮಾನಿಸಬೇಡಿ. ನಾಲ್ಕನೆಯದಾದ ‘ದಿ ಶ್ಯಾಡೋ ರೈಸಿಂಗ್’ (1992) ಮುಗಿಯಲಿ. ಮೊದಲ ಮೂರೂ ಹೆಚ್ಚುಕಡಿಮೆ ಒಂದೇ ಅಚ್ಚಿನವು: ಪಯಣ, ಬೆನ್ನಟ್ಟುವಿಕೆ, ಕೊನೆಗೊಂದು ಕಾಳಗ. ನಾಲ್ಕರಲ್ಲಿ ಆ ಅಚ್ಚು ಒಡೆಯುತ್ತದೆ. ಅದರ 24, 25, 26ನೇ ಅಧ್ಯಾಯಗಳು, ಅಂದರೆ ರೂಯಿಡಿಯನ್ ನಗರದ ಭಾಗ, ಇಡೀ ಸರಣಿಯ ಜೀವಾಳ. ಅಲ್ಲಿ ಒಂದು ಜನಾಂಗದ ಚರಿತ್ರೆ ಹಿಮ್ಮುಖವಾಗಿ ಬಿಚ್ಚಿಕೊಳ್ಳುತ್ತದೆ: ಮೊದಲು ಮೊಮ್ಮಗ, ಆಮೇಲೆ ತಾತ, ಆಮೇಲೆ ಆ ತಾತನ ತಾತ. ಐಯೆಲ್ ಜನ ಕತ್ತಿ ಯಾಕೆ ಮುಟ್ಟುವುದಿಲ್ಲ, ಕೊಲ್ಲುವ ಮುಂಚೆ ಮುಖ ಯಾಕೆ ಮುಚ್ಚಿಕೊಳ್ಳುತ್ತಾರೆ, ಇಂಥ ಪ್ರಶ್ನೆಗೆ ಉತ್ತರ ಮುಂದಿನ ತುಣುಕಿನಲ್ಲಿ, ಅಂದರೆ ಇನ್ನೂ ಹಿಂದಿನ ಕಾಲದಲ್ಲಿ ಸಿಗುತ್ತದೆ. ಬಿಡಿಬಿಡಿಯಾಗಿ ಓದಿದರೆ ಎಳೆ ಕೈತಪ್ಪುತ್ತದೆ, ಆದ್ದರಿಂದ ಒಂದೇ ಪಟ್ಟಿಗೆ ಕೂತು ಓದಿ. ಮುಗಿದ ಮೇಲೆ ಕೊನೆಯ ತುಣುಕಿನಿಂದ ಮೊದಲಿನದಕ್ಕೆ ಇನ್ನೊಮ್ಮೆ ಓದಿ. ಒಂದು-ಒಂದೂವರೆ ಗಂಟೆಯ ಕೆಲಸ. ಇದೂ ಹಿಡಿಸದಿದ್ದರೆ ಸರಣಿಯನ್ನು ಅಲ್ಲೇ ಕೈಬಿಡಿ, ಬೇಸರ ಬೇಡ.

ನಿಧಾನಿ: 7ರಿಂದ 10ರ ವಿಚಾರ. ‘ಕಥೆ ನಿಂತಿತು’ ಅನ್ನುವ ಮಾತು ಹುಟ್ಟಿದ್ದು ಎಲ್ಲಿ ಅಂತ ತಿಳಿದರೆ ಅರ್ಧ ಭಯ ಹೋಗುತ್ತದೆ. ಮೊದಲ ಆರು ಸಂಪುಟ 1990ರಿಂದ 1994ರೊಳಗೆ ಬಂದವು. ಆಮೇಲಿನವು 1996, 1998, 2000, 2003, 2005. ಆಗ ಓದಿದವರು ಎರಡು-ಮೂರು ವರ್ಷ ಕಾದು ಕೈಗೆತ್ತಿಕೊಂಡ ಪುಸ್ತಕದಲ್ಲಿ ತಮ್ಮ ಮೆಚ್ಚಿನ ಪಾತ್ರ ನಾಲ್ಕು ಹೆಜ್ಜೆಯೂ ಹೋಗಿರುತ್ತಿರಲಿಲ್ಲ. ನಿಮಗೆ ಆ ಕಾಯುವಿಕೆ ಇಲ್ಲ.

ಹಾಗಂತ ದೂರು ಸುಳ್ಳಲ್ಲ. (ಕಥೆಯ ನಾಯಕ ರ್‍ಯಾಂಡ್; ಪೆರಿನ್, ಮ್ಯಾಟ್ ಅವನ ಊರಿನ ಗೆಳೆಯರು; ಎಲೇನ್ ರಾಜಕುಮಾರಿ.) ಪೆರಿನ್‌ನ ಒಂದು ಹುಡುಕಾಟ 8ರ ಕೊನೆಯಲ್ಲಿ ಶುರುವಾಗಿ 11ರಲ್ಲಿ ಮುಗಿಯುತ್ತದೆ. ಎಲೇನ್‌ಳ ಸಿಂಹಾಸನದ ಗೋಜಲೂ 11ರವರೆಗೆ ಜಗ್ಗುತ್ತದೆ. 8ನೆಯದು, ‘ದಿ ಪಾತ್ ಆಫ್ ಡ್ಯಾಗರ್ಸ್’, ಹದಿನಾಲ್ಕರಲ್ಲೇ ಚಿಕ್ಕದು, ಆದರೂ ಭಾರ ಅನ್ನಿಸುತ್ತದೆ. ಕಾರಣ ಸರಳ: ಮ್ಯಾಟ್ ಅದರಲ್ಲಿ ಇಲ್ಲವೇ ಇಲ್ಲ, ಅದೂ 7ರ ಕೊನೆಯಲ್ಲಿ ಅವನನ್ನು ಅಪಾಯದಲ್ಲಿ ಬಿಟ್ಟು ಬಂದ ಮೇಲೆ. ಹೀಗೆ ಮುಖ್ಯ ಪಾತ್ರವನ್ನು ಬದಿಗಿಡುವುದು ಜೋರ್ಡನ್ ಅಭ್ಯಾಸ. 3ರಲ್ಲಿ ರ್‍ಯಾಂಡ್ ಅಪರೂಪಕ್ಕೆ ಕಾಣುತ್ತಾನೆ, 5ರಲ್ಲಿ ಪೆರಿನ್ ಇಲ್ಲ. ಮೊದಲೇ ಗೊತ್ತಿದ್ದರೆ ಪುಟ ತಿರುಗಿಸುತ್ತಾ ಅವನನ್ನೇ ಹುಡುಕುವ ಕಾಟ ತಪ್ಪುತ್ತದೆ.

ನಿಜವಾದ ತೊಡಕು 10ನೆಯದು, ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’. 9ರ ಕೊನೆಯಲ್ಲಿ ಒಂದು ಭಾರಿ ಘಟನೆ ನಡೆಯುತ್ತದೆ. 10ರ ಬಹುಪಾಲು ಅದೇ ದಿನಗಳಲ್ಲಿ ಉಳಿದವರೆಲ್ಲ ಎಲ್ಲೆಲ್ಲಿದ್ದರು, ಏನು ಮಾಡುತ್ತಿದ್ದರು ಅನ್ನುವುದು. ಒಬ್ಬರಾದ ಮೇಲೊಬ್ಬರು ದೂರದಲ್ಲಿ ಏನೋ ಆಗುತ್ತಿದೆ ಎಂದು ತಲೆಯೆತ್ತುತ್ತಾರೆ, ಗಡಿಯಾರ ಮಾತ್ರ ಮುಂದೆ ಸರಿಯುವುದಿಲ್ಲ. ಇದು ತಿಳಿಯದೆ ಓದಿದರೆ ‘ಇದು ಆಗಲೇ ಆಯಿತಲ್ಲ’ ಎಂಬ ಗೊಂದಲ. ಉಪಾಯ: 9 ಮುಗಿದ ಕೂಡಲೇ ಆ ಘಟನೆಯನ್ನು ಚೀಟಿಯಲ್ಲಿ ಬರೆದು 10ರೊಳಗೆ ಇಟ್ಟುಕೊಳ್ಳಿ. ಪ್ರತಿ ಅಧ್ಯಾಯದ ಪಕ್ಕದಲ್ಲಿ ‘ಮುಂಚೆ’, ‘ಆಗಲೇ’ ಅಥವಾ ‘ಆಮೇಲೆ’ ಅಂತ ಒಂದೇ ಪದ ಗುರುತು ಹಾಕಿ. ಐದಾರು ಅಧ್ಯಾಯದಲ್ಲಿ ನಕ್ಷೆ ಸಿಕ್ಕಿಬಿಡುತ್ತದೆ.

ಹಾರಿಸಲೇಬೇಕು ಅಂದರೆ 10ರಲ್ಲಿ ಹಾರಿಸಿ, ಬೇರೆಲ್ಲೂ ಬೇಡ. ಅದರಲ್ಲೂ ಮ್ಯಾಟ್‌ನ ಅಧ್ಯಾಯಗಳು ಮತ್ತು ಎಗ್ವೇನ್‌ಳ ಕೊನೆಯ ಅಧ್ಯಾಯ ಬಿಡಬೇಡಿ. 11 ಅಲ್ಲಿಂದಲೇ ಎದ್ದು ಓಡುತ್ತದೆ. 7 ಮತ್ತು 9ನ್ನು ಸಾರಾಂಶ ಓದಿ ಮುಗಿಸಿದವರಿಗೆ 12ರಲ್ಲಿ ರ್‍ಯಾಂಡ್ ಯಾಕೆ ಹಾಗಾಗಿದ್ದಾನೆ ಅನ್ನುವುದು ತಲೆಗೆ ಹೋದರೂ ಮನಸ್ಸಿಗೆ ಇಳಿಯುವುದಿಲ್ಲ.

ಯಾವುದು ಯಾರ ಅಧ್ಯಾಯ ಅಂತ ತಿಳಿಯಲು ಅಧ್ಯಾಯದ ನೆತ್ತಿಯ ಮೇಲಿನ ಪುಟ್ಟ ಚಿತ್ರ ನೋಡಿ. ದಾಳ ಇದ್ದರೆ ಸಾಮಾನ್ಯವಾಗಿ ಮ್ಯಾಟ್, ತೋಳ ಇದ್ದರೆ ಪೆರಿನ್, ಜ್ವಾಲೆಯ ಗುರುತಿದ್ದರೆ ಐಜ್ ಸೆಡೈ ಎಂಬ ಮಾಂತ್ರಿಕ ಸ್ತ್ರೀಯರ ವ್ಯವಹಾರ. ಒಂದೇ ಎಚ್ಚರ: ಮುಂದಿನ ಅಧ್ಯಾಯಗಳ ಚಿತ್ರಗಳನ್ನು ಮಗುಚಿ ನೋಡಬೇಡಿ, ಕೆಲವು ತಾವೇ ಗುಟ್ಟು ಹೇಳಿಬಿಡುತ್ತವೆ.

ತಕರಾರು: ಎಲ್ಲರೂ ಹೊಗಳ್ತಾ ಇದ್ದೀರಿ, ಇನ್ನೊಂದು ಮಗ್ಗುಲೂ ಇರಲಿ. ನೈನೀವ್ ಜಡೆ ಎಳೀತಾಳೆ, ಇನ್ನೊಬ್ಬಳು ಲಂಗದ ನೆರಿಗೆ ಸವರ್ತಾಳೆ, ಮತ್ತೊಬ್ಬಳು ಕೈಕಟ್ಟಿ ಮೂಗು ಮುರೀತಾಳೆ. ಎರಡನೇ ಸಂಪುಟದಲ್ಲಿ ಇದು ಸ್ವಭಾವ ಅನ್ಸುತ್ತೆ, ಏಳನೇದರಲ್ಲಿ ಟೈಪಿಂಗ್ ಚಾಳಿ ಅನ್ಸುತ್ತೆ. ಗಂಡಸರಿಗೆ ಬುದ್ಧಿ ಇಲ್ಲ ಅಂತ ಹೆಂಗಸರು, ಹೆಂಗಸರು ಅರ್ಥವಾಗಲ್ಲ ಅಂತ ಗಂಡಸರು, ಇದೇ ರಾಗ ಸಾವಿರಾರು ಪುಟ. ಕಥೆಯ ಅರ್ಧ ಕಷ್ಟ ಒಬ್ಬರಿಗೊಬ್ಬರು ಬಾಯಿ ಬಿಟ್ಟು ಹೇಳದೇ ಇರೋದ್ರಿಂದ ಆಗೋದು. ಸುದ್ದಿ ದೂರ ಹೋದಷ್ಟೂ ತಿರುಚಿಕೊಳ್ಳುತ್ತೆ ಅನ್ನೋದು ಲೇಖಕರು ಬೇಕಂತಲೇ ಹೆಣೆದ ಎಳೆ, ಒಪ್ಪೋಣ. ಆದರೆ ಪಕ್ಕದ ಕೋಣೆಯಲ್ಲಿ ಇರೋರಿಗೂ ಹೇಳದಿದ್ದರೆ ಅದು ಎಳೆಯಲ್ಲ, ಎಳೆದಾಟ.

ನಿಲ್ಲಿಸೋ ಹಾಗಿದ್ದರೆ ಮರ್ಯಾದೆಯ ಜಾಗ ಎರಡು. ಒಂದು 3ರ ಕೊನೆ. ಇನ್ನೊಂದು 6ರ ಕೊನೆ, ‘ಲಾರ್ಡ್ ಆಫ್ ಕೇಯಾಸ್’. ಅದರ ಕೊನೆಯ ಯುದ್ಧ ಓದಿ ಪುಸ್ತಕ ಮುಚ್ಚಿದರೆ ಹೊಟ್ಟೆ ತುಂಬಿರುತ್ತೆ. 8ರಲ್ಲೋ 10ರಲ್ಲೋ ನಿಲ್ಲಿಸಿದವರೇ ಸರಣಿಯನ್ನು ಹೆಚ್ಚು ಬೈಯೋದು, ಯಾಕಂದ್ರೆ ಅಲ್ಲಿ ನಡುನೀರಲ್ಲಿ ಕೈಬಿಟ್ಟ ಹಾಗಾಗುತ್ತೆ.

ಹೆಸರುಪಟ್ಟಿ: ಹೆಸರಿನ ತೊಂದರೆಗೆ. ಬರೆದ ಹಾಗೇ ಓದುವ ನಮ್ಮ ರೂಢಿ ಇಲ್ಲಿ ಕೈಕೊಡುತ್ತದೆ. ಪುಸ್ತಕದ ಹಿಂದಿನ ಗ್ಲಾಸರಿಯಲ್ಲಿ ಉಚ್ಚಾರ ಕೊಟ್ಟಿದ್ದಾರೆ, ಅದನ್ನು ಮೊದಲೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ: ಮ್ವಾರೇನ್ (ಮೊಯಿರೈನ್ ಅಲ್ಲ), ನೈನೀವ್, ಎಗ್ವೇನ್, ಸ್ವಾನ್ (ಸಿಯುಆನ್ ಅಲ್ಲ), ಐಜ್ ಸೆಡೈ. ಮಾಂತ್ರಿಕ ಶಕ್ತಿಯ ಎರಡು ಪಾಲುಗಳ ಹೆಸರು ಕೊನೆಯಲ್ಲಷ್ಟೇ ಬೇರೆ: ಸಾಯಿದೀನ್ ಗಂಡಸರದು, ಸಾಯಿದಾರ್ ಹೆಂಗಸರದು. ಬಾಯಲ್ಲಿ ನಿಂತ ಹೆಸರು ಕಣ್ಣಿಗೂ ಬೇಗ ಸಿಗುತ್ತದೆ.

ಎಲ್ಲ ಪಾತ್ರಗಳ ಪಟ್ಟಿ ಮಾಡಲು ಹೋಗಬೇಡಿ, ಸಾವಿರಾರು ಇವೆ. ಐಜ್ ಸೆಡೈಗಳಿಗೆ ಮಾತ್ರ ಚೀಟಿ ಸಾಕು: ಹೆಸರು, ಅವರ ಏಳು ಬಣ್ಣದ ಪಂಗಡಗಳಲ್ಲಿ ಯಾವುದು, ಕೊನೆಗೆ ಕಂಡದ್ದು ಎಲ್ಲಿ. ಸ ಅಕ್ಷರದಿಂದ ಶುರುವಾಗುವವರೇ ಒಂದು ಹಿಂಡಿದ್ದಾರೆ, ಅವರಿಗೆ ಬೇರೆ ಪುಟ ಕೊಡಿ.

ಹೆಸರನ್ನು ಅಂತರ್ಜಾಲದಲ್ಲಿ ಹುಡುಕಲೇಬೇಡಿ. ಎರಡಕ್ಷರ ಹೊಡೆಯುವಷ್ಟರಲ್ಲಿ ಅವರು ಸತ್ತರೋ, ಯಾರನ್ನು ಮದುವೆಯಾದರೋ ಅಂತ ಅದೇ ಹೇಳಿಬಿಡುತ್ತದೆ. ನಿಮ್ಮ ಕೈಯಲ್ಲಿರುವ ಸಂಪುಟದ ಗ್ಲಾಸರಿಯನ್ನಷ್ಟೇ ನಂಬಿ, ಮುಂದಿನದು ಬೇಡ. 5ರ ಕೊನೆಯಲ್ಲಿ (1993) ಒಂದು ಕೊಲೆ ನಡೆಯುತ್ತದೆ; ಕೊಂದವರು ಯಾರು ಎಂದು ಓದುಗರು ವರ್ಷಗಟ್ಟಲೆ ವಾದ ಮಾಡಿದರು. ನೇರ ಉತ್ತರ ಬಂದದ್ದು 13ರಲ್ಲಿ (2010), ಅದೂ ಕಥೆಯೊಳಗಲ್ಲ, ಗ್ಲಾಸರಿಯ ಒಂದು ಸಾಲಿನಲ್ಲಿ!

ಕಿವಿಗೊಟ್ಟವ: ಆಡಿಯೊ ಒಳ್ಳೆಯ ದಾರಿ, ಮುಖ್ಯವಾಗಿ 8-10ಕ್ಕೆ. ಮೈಕಲ್ ಕ್ರೇಮರ್ ಗಂಡು ಪಾತ್ರಗಳ ದೃಷ್ಟಿಯ ಭಾಗ ಓದುತ್ತಾರೆ, ಕೇಟ್ ರೀಡಿಂಗ್ ಹೆಣ್ಣು ಪಾತ್ರಗಳದ್ದು. ದನಿ ಬದಲಾದ ಕೂಡಲೇ ಎಳೆ ಬದಲಾಯಿತು ಅಂತ ಗೊತ್ತಾಗುತ್ತದೆ. ಸಂಪುಟಕ್ಕೆ ಸುಮಾರು 23ರಿಂದ 42 ಗಂಟೆ. ಆರಂಭದ ಸಂಪುಟಗಳಲ್ಲಿ ಕೆಲವು ಹೆಸರುಗಳನ್ನು ಒಂದು ಥರ, ಮುಂದೆ ಇನ್ನೊಂದು ಥರ ಉಚ್ಚರಿಸಿದ್ದಾರೆ. ಹೊಸ ಪಾತ್ರ ಬಂತು ಅಂದುಕೊಳ್ಳಬೇಡಿ.

ಹೊಸ ಓದುಗ: ಉಪಕಾರವಾಯಿತು. ಇನ್ನೆರಡು ಪ್ರಶ್ನೆ. 12ರಿಂದ ಬೇರೆ ಲೇಖಕರಂತೆ, ಎಡವಟ್ಟಾಗುತ್ತದೆಯೆ? ‘ನ್ಯೂ ಸ್ಪ್ರಿಂಗ್’ ಅನ್ನುವ ಪೂರ್ವಕಥೆ ಎಲ್ಲಿ ಓದಬೇಕು?

ಮರುಓದು: ‘ನ್ಯೂ ಸ್ಪ್ರಿಂಗ್’ (2004) ಐಜ್ ಸೆಡೈ ಮ್ವಾರೇನ್ ಮತ್ತು ಅವಳ ಅಂಗರಕ್ಷಕ ಲ್ಯಾನ್ ಅವರ ಹಿಂದಿನ ಕಥೆ. ಮೊದಲೇ ಓದಿದರೆ ಮ್ವಾರೇನ್ ಸುತ್ತಲಿನ ನಿಗೂಢ ಕರಗಿಬಿಡುತ್ತದೆ. 10 ಮತ್ತು 11ರ ನಡುವೆ ಇಟ್ಟುಕೊಳ್ಳಿ, ಅದು ಬಂದದ್ದೂ ಆಗಲೇ. ಚಿಕ್ಕದು, ಚುರುಕಾಗಿದೆ, 10ರ ಸುಸ್ತಿಗೆ ಒಳ್ಳೆಯ ಮದ್ದು. ಟಿವಿ ಸರಣಿಯನ್ನು ಸಾರಾಂಶ ಅಂತ ಬಳಸಬೇಡಿ. 2021ರಿಂದ 2025ರವರೆಗೆ ಮೂರು ಸೀಸನ್ ಬಂದು ನಿಂತಿತು, ಘಟನೆಗಳ ಕ್ರಮವೇ ಬೇರೆ.

ನಿಧಾನಿ: ಜೋರ್ಡನ್ 2007ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅವರ ಪತ್ನಿಯೂ ಸಂಪಾದಕಿಯೂ ಆದ ಹ್ಯಾರಿಯೆಟ್ ಮ್ಯಾಕ್‌ಡೂಗಲ್, ಸರಣಿ ಮುಗಿಸಲು ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರನ್ನು ಆರಿಸಿದರು. ಜೋರ್ಡನ್ ಅವರ ಟಿಪ್ಪಣಿ, ಬರೆದಿಟ್ಟ ಭಾಗಗಳನ್ನು ಆಧರಿಸಿ ಒಂದೇ ಎಂದುಕೊಂಡಿದ್ದ ಪುಸ್ತಕ ಮೂರಾಯಿತು: 2009, 2010, 2013. ವ್ಯತ್ಯಾಸ ತಿಳಿಯುತ್ತದೆ. ವಾಕ್ಯ ಗಿಡ್ಡ, ಬಟ್ಟೆಬರೆಯ ವರ್ಣನೆ ಕಡಿಮೆ, ಎಳೆಗಳು ಬೇಗಬೇಗ ಒಂದುಗೂಡಿ ಮುಗಿಯುತ್ತವೆ. 12ರಲ್ಲಿ ಮ್ಯಾಟ್ ತಮಾಷೆ ಮಾಡಲು ಹೆಣಗುತ್ತಾನೆ, ಅದು ಹಿಡಿತ ತಪ್ಪಿದ್ದೇ, 13ರಲ್ಲಿ ಸುಧಾರಿಸುತ್ತಾನೆ.

13ರಲ್ಲಿ ಮತ್ತೆ ಕಾಲದ ತೊಡಕಿದೆ. ಪೆರಿನ್‌ನ ಎಳೆ ರ್‍ಯಾಂಡ್‌ನದಕ್ಕಿಂತ ಹಿಂದೆ ನಡೆಯುತ್ತಿರುತ್ತದೆ. 12ರ ಕೊನೆಯ ಹೊತ್ತಿಗೆ ಒಂದು ಕಡೆ ಕಂಡ ವ್ಯಕ್ತಿ 13ರಲ್ಲಿ ಪೆರಿನ್ ಜೊತೆಗಿರುತ್ತಾನೆ. ಅಚ್ಚಿನ ತಪ್ಪಲ್ಲ, ಅವನು ಇನ್ನೂ ಹೊರಟಿಲ್ಲ ಅಷ್ಟೆ.

14ರ 37ನೇ ಅಧ್ಯಾಯಕ್ಕೆ ಮಾತ್ರ ಬಿಡುವಿನ ದಿನ ಇಟ್ಟುಕೊಳ್ಳಿ. ಅದೊಂದೇ ಸುಮಾರು 79,000 ಪದ, ನಿಮಿಷಕ್ಕೆ 200 ಪದದ ವೇಗಕ್ಕೆ ಆರೂವರೆ ಗಂಟೆ. ಏಕಕಾಲಕ್ಕೆ ಹಲವು ರಣರಂಗ, ದೃಷ್ಟಿ ಎರಡೆರಡು ಪುಟಕ್ಕೆ ಬದಲಾಗುತ್ತದೆ. ನಿಲ್ಲಿಸಲೇಬೇಕಾದರೆ ದೃಶ್ಯ ಬದಲಾಗುವ ಖಾಲಿ ಸಾಲಿನಲ್ಲಿ ನಿಲ್ಲಿಸಿ, ಯಾರು ಯಾವ ಕಡೆ ಕಾದಾಡುತ್ತಿದ್ದಾರೆ ಅಂತ ಎರಡು ಸಾಲು ಗೀಚಿಟ್ಟು ಎದ್ದೇಳಿ. ಕೊನೆಯ ಎಪಿಲಾಗ್ ಬಹುಪಾಲು ಜೋರ್ಡನ್ ತಾವೇ ಬರೆದಿಟ್ಟು ಹೋದದ್ದು. ವಾಕ್ಯದ ನಡಿಗೆ ಮತ್ತೆ ನಿಧಾನವಾಗುವುದನ್ನು ಗಮನಿಸಿ.