ಎ2ಎ ಮತ್ತು ಡಿ2 ಗ್ರಾಹಕಗಳು ಜೋಡಿಯಾದರೆ ಏನು ಬದಲಾಗುತ್ತದೆ?

ಪ್ರಶ್ನೆ: ಎಂಎಸ್ಸಿ ಓದುತ್ತಿದ್ದೇನೆ. ಚಲನೆಯನ್ನು ನಿಯಂತ್ರಿಸುವ ಮಿದುಳಿನ ಭಾಗವಾದ ಸ್ಟ್ರಯೇಟಮ್‌ನ ಕೆಲವು ನರಕೋಶಗಳಲ್ಲಿ ಅಡೆನೊಸಿನ್‌ನ ಎ2ಎ ಗ್ರಾಹಕ, ಡೋಪಮೈನ್‌ನ ಡಿ2 ಗ್ರಾಹಕ (ರಾಸಾಯನಿಕ ಸಂದೇಶ ಹಿಡಿಯುವ, ಪೊರೆಯಲ್ಲಿನ ಪ್ರೊಟೀನ್) ಎರಡೂ ಇವೆ. ಮೊದಲನೆಯದು ಸಿಎಎಂಪಿ (ಕೋಶದೊಳಗೆ ಸಂದೇಶ ಒಯ್ಯುವ ಅಣು) ಏರಿಸುತ್ತದೆ, ಎರಡನೆಯದು ಇಳಿಸುತ್ತದೆ. ಕೂಡಿ ಕಳೆದರೆ ಲೆಕ್ಕ ಮುಗಿಯಬೇಕಲ್ಲ? ‘ಹೆಟೆರೊಮರ್’ (ಬೇರೆ ಬೇರೆ ಗ್ರಾಹಕಗಳು ಕೂಡಿಕೊಂಡ ಜೋಡಿ) ಅಂತ ಬೇರೆ ಯಾಕೆ ಹೇಳಬೇಕು?

ಉತ್ತರ 1: ಮುಗಿಯೋದಿಲ್ಲ. ಸಿಎಎಂಪಿ ಜಗ್ಗಾಟ ನಡೆಯೋದು ಕೋಶದ ಒಳಗೆ. ಅದಕ್ಕೂ ಮೊದಲೇ ಪೊರೆಯಲ್ಲಿ ಇನ್ನೊಂದು ನಡೆಯುತ್ತದೆ: ಎ2ಎ ಚುರುಕಾದರೆ ಪಕ್ಕದ ಡಿ2ಗೆ ಡೋಪಮೈನ್ ಮೇಲಿನ ಹಿಡಿತ ಸಡಿಲವಾಗುತ್ತದೆ. ಇಲಿ ಮಿದುಳಿನಿಂದ ಬೇರ್ಪಡಿಸಿದ ಬರೀ ಪೊರೆಯಲ್ಲೂ ಇದು ಕಂಡಿದ್ದು 1991ರಲ್ಲಿ. ನನಗೆ ಬಹಳ ಇಷ್ಟವಾದ ಪ್ರಯೋಗ ಅದು, ಮೂಲ ಲೇಖನವನ್ನೇ ಓದಿ. ಪಾರ್ಕಿನ್ಸನ್‌ಗೆ ಲೆವೊಡೋಪಾ (ಮಿದುಳಿನಲ್ಲಿ ಡೋಪಮೈನ್ ಆಗುವ ಔಷಧ) ಜೊತೆ ಕೊಡುವ ಇಸ್ಟ್ರಾಡೆಫಿಲಿನ್ ತಡೆಯುವುದು ಈ ಎ2ಎಯನ್ನೇ. ಜಪಾನಿನಲ್ಲಿ 2013ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಉತ್ತರ 2: ಜೋಡಿಯಾದರೆ ಮಾತ್ರ ಕೆಲಸ ಮಾಡುವುದಕ್ಕೆ ಗಾಬಾ-ಬಿಯನ್ನೂ ನೋಡಿ; ಇದು ಗಾಬಾ ಎಂಬ ನರಸಂದೇಶಕದ ಗ್ರಾಹಕ, ಬಿ1 ಮತ್ತು ಬಿ2 ಎಂಬ ಎರಡು ಘಟಕಗಳ ಜೋಡಿ. ಬಿ1 ಗಾಬಾವನ್ನು ಹಿಡಿಯುತ್ತದೆ, ಕೋಶದೊಳಗೆ ಸಂದೇಶ ದಾಟಿಸುವ ಜಿ-ಪ್ರೊಟೀನನ್ನು ಎಬ್ಬಿಸುವುದು ಬಿ2. ಬಿ2 ಜೊತೆಗಿಲ್ಲದಿದ್ದರೆ ಬಿ1 ಕೋಶದ ಮೇಲ್ಮೈಗೇ ಬರುವುದಿಲ್ಲ.

ಪ್ರಶ್ನೆ ಕೇಳಿದವರು: ಎ2ಎ, ಡಿ2 ನಿಜವಾಗಿ ತಾಗಿವೆ ಅಂತ ಗೊತ್ತಾಗೋದು ಹೇಗೆ? ಫ್ರೆಟ್ (ಹೊಳೆಯುವ ಗುರುತು ಹಚ್ಚಿ ಎರಡು ಅಣುಗಳ ಸಾಮೀಪ್ಯ ಅಳೆಯುವ ವಿಧಾನ) ಸಾಕಾ?

ಉತ್ತರ 1: ಫ್ರೆಟ್ ಹೇಳೋದು ಸುಮಾರು 10 ನ್ಯಾನೊಮೀಟರ್ ಒಳಗಿವೆ ಅಂತ ಮಾತ್ರ. ಅದಕ್ಕೇ ಆ ಜೋಡಣೆಯನ್ನು ಬಿಡಿಸುವ ಪೆಪ್ಟೈಡ್ (ಪುಟ್ಟ ಪ್ರೊಟೀನ್ ತುಣುಕು) ಹಾಕಿ, ಪರಿಣಾಮವೂ ಹೋಗುತ್ತದಾ ಅಂತ ನೋಡುತ್ತಾರೆ.