ಅಪ್‌ಡೇಟ್: ವಿಂಡೋಸ್ 7ರಲ್ಲಿ ತೆರೆಯದಿದ್ದ ತೂಕದ ಚೀಟಿ ತಂತ್ರಾಂಶ

ರಾಯಚೂರಿನ ಹತ್ತಿ ಅಂಗಡಿಯೊಂದಕ್ಕೆ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.11ನೇ ಆವೃತ್ತಿಯಲ್ಲಿ ಬರೆದ ತೂಕದ ಚೀಟಿಯ ತಂತ್ರಾಂಶವು ಅಲ್ಲಿನ ವಿಂಡೋಸ್ 7 ಗಣಕದಲ್ಲಿ ಡಿಎಲ್‌ಎಲ್ ಕಡತವೊಂದು (ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್‌ನ ಕಡತ) ಕಾಣುತ್ತಿಲ್ಲವೆಂದು ಹೇಳಿ ನಿಂತುಬಿಡುತ್ತಿದೆ ಎಂದು ಹಿಂದೆ ಕೇಳಿದ್ದೆ. ಈಗ ಅದು ಸರಿಯಾಗಿ ನಡೆಯುತ್ತಿದೆ.

ವಿಂಡೋಸ್ 7ಕ್ಕೆ ಬೆಂಬಲವಿರುವ ಕೊನೆಯ ಪೈಥಾನ್ 3.8 ಆಗಿದ್ದು, 3.9ರಿಂದ ಮುಂದಿನ ಆವೃತ್ತಿಗಳು ವಿಂಡೋಸ್ 8ರಲ್ಲಿ ಮೊದಲು ಬಂದ ಫಂಕ್ಷನ್‌ಗಳನ್ನು (ಸಿದ್ಧ ಕೋಡ್ ತುಣುಕುಗಳನ್ನು) ಬಳಸುತ್ತವೆ; ಅವಿರುವ ಕಡತ ವಿಂಡೋಸ್ 7ರಲ್ಲಿ ಇಲ್ಲದ್ದರಿಂದಲೇ ಆ ತೊಂದರೆ. ಕಾಣೆಯಾದ ಕಡತವನ್ನು ಎಲ್ಲಿಂದಲೋ ಇಳಿಸಿಕೊಂಡು ಸೇರಿಸುವುದು ಅಪಾಯಕರವೆನಿಸಿ, ಆ ದಾರಿಯನ್ನು ನಾನು ಹಿಡಿಯಲಿಲ್ಲ. ಗಣಕ 32 ಬಿಟ್‌ನದಾದ್ದರಿಂದ 32 ಬಿಟ್‌ನ 3.8ರಲ್ಲಿಯೇ ಪೈಇನ್‌ಸ್ಟಾಲರ್ (ಪೈಥಾನ್ ಕೋಡನ್ನು ನೇರವಾಗಿ ತೆರೆಯಬಲ್ಲ ತಂತ್ರಾಂಶವಾಗಿಸುವ ಸಾಧನ) ಮೂಲಕ ಹೊಸದಾಗಿ ಕಟ್ಟಿದೆ, 3.10ರಲ್ಲಿ ಬಂದ ಮ್ಯಾಚ್–ಕೇಸ್ ಎಂಬ ಷರತ್ತಿನ ಸಾಲುಗಳು 3.8ರಲ್ಲಿ ನಡೆಯದ ಕಾರಣ ಅವನ್ನೆಲ್ಲ ಹಳೆಯ ಇಫ್–ಎಲಿಫ್‌ ರೂಪಕ್ಕೆ ಬದಲಿಸಬೇಕಾಯಿತು. ಭದ್ರತಾ ನವೀಕರಣ 2020ರ ಜನವರಿಯಲ್ಲೇ ನಿಂತಿರುವ ಆ ಗಣಕವನ್ನು ಇಂಟರ್ನೆಟ್ಟಿನಿಂದ ದೂರವಿಡುವಂತೆ ಮಾಲೀಕರನ್ನು ಒಪ್ಪಿಸಿದ್ದೇನೆ.