ಒಳಗೆ ಕೆಂಪು ತೊಳೆ ಇರೋ ಹಲಸು, ಬೀಜ ಹಾಕಿದ್ರೆ ಅದೇ ಬರುತ್ತಾ?

ಹಿತ್ತಲಗಿಡ:
ಎಲ್ರಿಗೂ ನಮಸ್ಕಾರ. ಮೊನ್ನೆ ಗುಬ್ಬಿ ಕಡೆಯಿಂದ ಬರ್ತಾ ರೋಡ್ ಸೈಡಲ್ಲಿ ಒಂದು ಚಿಕ್ಕ ಹಲಸಿನ ಹಣ್ಣು ತಗೊಂಡ್ವಿ, ಮನೇಲಿ ಕೈಗೆ ಎಣ್ಣೆ ಹಚ್ಕೊಂಡು ಬಿಡಿಸಿದ್ರೆ ತೊಳೆ ಹಳದಿ ಅಲ್ಲ, ತಾಮ್ರದ ಥರ ಕೆಂಪು! ಮಕ್ಕಳು ಬಣ್ಣ ಹಾಕಿದಾರೆ ಅಂದ್ರು, ಆದ್ರೆ ತೊಳೆದ್ರೂ ಬಣ್ಣ ಬಿಡ್ಲಿಲ್ಲ, ಒಳಗೆ ಬೀಜದವರೆಗೂ ಅದೇ ಕೆಂಪು. ನಾರಿಲ್ಲ, ಸಿಹಿ ಅಂದ್ರೆ ಸಿಹಿ. ಇದ್ಯಾವ ತಳಿ? ಬೀಜ ಒಣಗಿಸಿಟ್ಟು ಮಳೆಗಾಲಕ್ಕೆ ಹಾಕೋಣ ಅಂತಿದೀನಿ.

ತುಮಕೂರು ತೋಟ:
ಬಣ್ಣ ಹಾಕಿರೋದಲ್ಲ ಸರ್, ನಮ್ ಕಡೆ ಇದನ್ನ ಚಂದ್ರ ಹಲಸು ಅಂತಾರೆ. ಗುಬ್ಬಿ ತಾಲ್ಲೂಕಿನ ಚೇಳೂರಲ್ಲಿ ಸಿಕ್ಕಿದ ಅಂಥದ್ದೇ ಒಂದು ಮರದಿಂದ ಬಂದಿದ್ದು ‘ಸಿದ್ದು’ ತಳಿ, ಹಣ್ಣು ಸುಮಾರು 2.5 ಕೆಜಿ ಅಷ್ಟೇ ಇರುತ್ತೆ, ಒಂದು ಮನೆಗೆ ಸರಿಹೋಗುತ್ತೆ. ಟೊಮೆಟೊ ಕೆಂಪಿಗೆ ಕಾರಣವಾಗೋ ಲೈಕೋಪಿನ್ ಇದ್ರಲ್ಲೂ ಇದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್ಆರ್‌ನೋರು 2017ರಲ್ಲಿ ಆ ಮರದ ರೈತರ ಜೊತೆನೇ ಒಪ್ಪಂದ ಮಾಡ್ಕೊಂಡು ಕಸಿ ಗಿಡ ಮಾಡೋಕೆ ಶುರು ಮಾಡಿದ್ರು, ಮಾರಿದ ದುಡ್ಡಲ್ಲಿ ದೊಡ್ಡ ಪಾಲು ಮರದ ಮನೆಯವ್ರಿಗೇ, ನನಗೆ ಇದೇ ತುಂಬಾ ಇಷ್ಟವಾದ ವಿಷಯ. ನೀವು ತಿಂದಿದ್ದು ಸಿದ್ದುನೇ ಅಂತ ಮಾತ್ರ ಹೇಳಕ್ಕಾಗಲ್ಲ, ಆ ಸುತ್ತ ಕೆಂಪು ತೊಳೆ ಮರ ಬೇರೆನೂ ಇವೆ.

ಸಾಗರದವಳು:
ಬೀಜ ಒಣಗಿಸ್ಬೇಡಿ!! ಹಲಸಿನ ಬೀಜ ಒಣಗಿದ್ರೆ ಮೊಳಕೆನೇ ಬರಲ್ಲ, ಹಾಕೋದಾದ್ರೆ ಈಗ್ಲೇ ಹಾಕಿ. ಆದ್ರೆ ಅದೇ ಹಣ್ಣು ಬರುತ್ತೆ ಅಂತ ನಂಬ್ಕೋಬೇಡಿ, ಬೇರೆ ಮರದ ಪರಾಗ ಬಿದ್ದು ಕಾಯಿ ಕಟ್ಟೋದು, ಹಾಗಾಗಿ ಒಂದೇ ಹಣ್ಣಿನ ಎರಡು ಬೀಜಕ್ಕೆ ಎರಡು ಥರ ಮರ ಬರುತ್ತೆ, ಒಂದು ಬಕ್ಕೆ (ಗಟ್ಟಿ ತೊಳೆ) ಆದ್ರೆ ಇನ್ನೊಂದು ಅಂಬಲಿ (ಮೆತ್ತಗಿನ ತೊಳೆ) ಆಗ್ಬೋದು. ಏಳೆಂಟು ವರ್ಷ ಕಾದು ಕೊನೆಗೆ ಹಳದಿ ತೊಳೆ ನೋಡೋ ಬದ್ಲು ಕಸಿ ಗಿಡನೇ ತನ್ನಿ, ಮೂರ್ನಾಲ್ಕು ವರ್ಷಕ್ಕೆ ಕಾಯಿ ಬಿಡುತ್ತೆ. ನಮ್ ಕಡೆ ಎಂಥೆಂಥಾ ಒಳ್ಳೆ ಮರಗಳನ್ನ ಬಾಗಿಲು, ಕಿಟಕಿಗೆ ಅಂತ ಕಡಿದುಬಿಟ್ರು, ಮರ ಹೋದ್ಮೇಲೆ ಆ ರುಚಿ ಎಲ್ಲಿಂದ ತರೋದು.

ಹಿತ್ತಲಗಿಡ:
ಅಯ್ಯೋ ಈಗ್ಲೇ ನೆನೆ ಹಾಕ್ತೀನಿ ಅಕ್ಕ. ಕಸಿ ಗಿಡ ಎಲ್ಲಿ ಸಿಗುತ್ತೆ?

ತುಮಕೂರು ತೋಟ:
ತುಮಕೂರು ಹತ್ರ ಹಿರೇಹಳ್ಳೀಲಿರೋ ಐಐಎಚ್ಆರ್ ಕೇಂದ್ರದಲ್ಲಿ ಮೊದ್ಲೇ ಫೋನ್ ಮಾಡಿ ಕೇಳಿ. ಇನ್ನೊಂದು, ಆ ಹಣ್ಣು ಮಾರಿದವ್ರನ್ನ ಮತ್ತೆ ಹುಡುಕಿ ಮರ ಯಾರದ್ದು ಅಂತ ಕೇಳಿ ಸರ್. ಮನೆಯವ್ರು ಒಪ್ಪಿದ್ರೆ ಅದೇ ಮರದ ಕಡ್ಡಿ ತಗೊಂಡು, ನೀವು ಈಗ ಹಾಕೋ ಬೀಜದ ಸಸಿಗೇ ಕಸಿ ಕಟ್ಟಿಸ್ಬೋದು.